ಬಿಳಿಮೀನಿನ ಲೆಕ್ಕ: ಗಾಳ, ಬಲೆ, ಕಟ್ಟೆ

1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿ ಹೊಳೆಯಲ್ಲಿ ಗಾಳ ಹಾಕಿ ದಡಕ್ಕೆಳೆದ ಮಹಶೀರ್ 120 ಪೌಂಡ್ ತೂಗಿತು. ಈಗಿನ ಲೆಕ್ಕದಲ್ಲಿ ಸುಮಾರು 54 ಕಿಲೊ, ಒಂದು ಸಿಮೆಂಟ್ ಮೂಟೆಗಿಂತ ನಾಲ್ಕು ಕಿಲೊ ಹೆಚ್ಚು. ಮಹಶೀರ್ ಗಾಳದ ಮಾತು ಬಂದಲ್ಲೆಲ್ಲ ಇಂದಿಗೂ ಹೇಳುವ ದಾಖಲೆ ಇದೇ. ಇದಕ್ಕೆ ಹಿಂದಿನದು 1919ರಲ್ಲಿ ರಿವೆಟ್ ಕಾರ್ನ್ಯಾಕ್ ಎಂಬ ಆಂಗ್ಲ ಕಾವೇರಿಯಲ್ಲಿ ಹಿಡಿದದ್ದು, 119 ಪೌಂಡ್. ಒಂದೇ ಪೌಂಡಿನ ಅಂತರದ ಆ ಎರಡು ಮೀನೂ ಒಂದೇ ನದೀಕುಟುಂಬದವು.

ವ್ಯಾನ್ ಇಂಗೆನ್ ಮನೆತನ ಮೈಸೂರಿನವರಿಗೆ ಹೊಸದಲ್ಲ. ರಾಜರೂ ಸಾಹೇಬರೂ ಹೊಡೆದ ಹುಲಿ, ಚಿರತೆ, ಕಾಟಿಗಳ ಚರ್ಮ ಹದ ಮಾಡಿ, ಜೀವ ಇದ್ದಂತೆಯೇ ನಿಲ್ಲಿಸಿ ಕೊಡುವ ಕಾರ್ಖಾನೆ ಅವರದಾಗಿತ್ತು. ತಂದೆ ಯೂಜೀನ್ ತನ್ನ ಮಕ್ಕಳಿಗೆ ಬೋಯರ್ ಸೇನಾಪತಿಗಳ ಹೆಸರಿಟ್ಟಿದ್ದ: ಬೋಥಾ, ಡಿ ವೆಟ್, ಜೂಬರ್ಟ್. ಬ್ರಿಟಿಷರ ಗಿರಾಕಿತನದಲ್ಲೇ ಬದುಕಿದ ಮನೆಯೊಂದು ಬ್ರಿಟಿಷರ ವಿರುದ್ಧ ಕಾದಾಡಿದವರ ಹೆಸರನ್ನು ಮಕ್ಕಳಿಗಿಟ್ಟದ್ದು ಮೈಸೂರಿನ ಸಣ್ಣ ತಮಾಷೆಗಳಲ್ಲೊಂದು.

ತಮಾಷೆ ಅಲ್ಲಿಗೆ ಸಾಕು. 1946ರಲ್ಲಿ ಸಿಕ್ಕಂಥ ಮೀನು ಈಗ ಕಬಿನಿಯಲ್ಲಿ ಸಿಗುವುದಿಲ್ಲ. ಅದನ್ನು ಕಳೆದದ್ದು ಯಾರು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಗಾಳದ ಶೋಕಿಯವರು ಸಿಡಿಮದ್ದು ಹಾಕುವವರತ್ತ ಬೆರಳು ತೋರಿಸುತ್ತಾರೆ. ಅರಣ್ಯ ಇಲಾಖೆಗೆ ಗಾಳವೂ ಬೇಟೆಯೇ. ಮೀನುಗಾರಿಕೆ ಇಲಾಖೆ ಮರಿ ಬಿತ್ತಿ ಕೊರತೆ ತುಂಬುತ್ತೇನೆ ಎನ್ನುತ್ತದೆ. ಬಲೆ ಬೀಸಿ ಬದುಕುವವನು ಕಟ್ಟೆಯನ್ನು ತೋರಿಸುತ್ತಾನೆ. ಈ ವಾದಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ನನಗೆ ಕಾಣುವಂತೆ ಹೆಚ್ಚು ಗದ್ದಲ ಎದ್ದಿರುವುದು ಅತಿ ಕಡಿಮೆ ತಪ್ಪಿತಸ್ಥನ ಮೇಲೆ, ಅಂದರೆ ಗಾಳದ ಮೇಲೆ. ಹೆಚ್ಚು ಹಾನಿ ಮಾಡಿದ ಎರಡು ಕೆಲಸಗಳಿಗೆ, ಒಂದು ಹರಿಯುವ ನೀರನ್ನು ನಿಲ್ಲಿಸಿದ್ದು, ಇನ್ನೊಂದು ಒಳ್ಳೆಯ ಉದ್ದೇಶದಿಂದ ಬೇರೆ ಹೊಳೆಯ ಮೀನನ್ನು ತಂದು ಬಿಟ್ಟದ್ದು, ಪ್ರಶಸ್ತಿ ಫಲಕಗಳೇ ಸಂದಿವೆ.

ಮೊದಲು ಗಾಳದ ಮಾತನ್ನೇ ನೋಡೋಣ. ಆ ಆಟದಲ್ಲಿ ಜಗತ್ತಿನ ಅಳತೆಗೋಲು ಟಾರ್ಪನ್. ಅಟ್ಲಾಂಟಿಕ್ ಕಡಲಂಚಿನ, ಅಳಿವೆಗಳ ಬೆಳ್ಳಿಮೈಯ ಮೀನು ಅದು. ಎರಡು ಮೀಟರ್ ದಾಟಿ ಬೆಳೆಯುತ್ತದೆ, ಗಾಳ ಕಚ್ಚಿದೊಡನೆ ನೀರಿನಿಂದ ಆಳೆತ್ತರ ಹಾರುತ್ತದೆ. 1885ರಲ್ಲಿ ಫ್ಲಾರಿಡಾದಲ್ಲಿ ವುಡ್ ಎಂಬಾತ ಕೋಲು ಮತ್ತು ರೀಲಿನಿಂದ ಒಂದನ್ನು ಹಿಡಿದ ಸುದ್ದಿ ಹರಡಿದ ಮೇಲೆ ಕಡಲ ಗಾಳವೆಂಬುದೇ ಒಂದು ಉದ್ಯಮವಾಯಿತು. 2003ರಲ್ಲಿ ಪಶ್ಚಿಮ ಆಫ್ರಿಕದ ಗಿನಿ ಬಿಸಾವುವಿನಲ್ಲಿ ಸಿಕ್ಕ ಟಾರ್ಪನ್ 286 ಪೌಂಡ್ ದಾಟಿತ್ತು. ತೂಕದಲ್ಲಿ ನಮ್ಮ ಕಬಿನಿಯ ಮೀನು ಅದರ ಅರ್ಧಕ್ಕೂ ಬಾರದು. ಹಾಗಿದ್ದೂ ಕಿಪ್ಲಿಂಗ್ ತನ್ನ ‘ದಿ ಬ್ರಷ್‌ವುಡ್ ಬಾಯ್’ ಕಥೆಯಲ್ಲಿ ಮಹಶೀರ್‌ನ ಮುಂದೆ ಟಾರ್ಪನ್ನನ್ನು ಪುಟ್ಟ ಮೀನಾಗಿಸಿಬಿಟ್ಟ. ಸಾಹೇಬರ ಅತಿಶಯೋಕ್ತಿಯನ್ನು ಕಳೆದು ನೋಡಿದರೂ ಮಾತಿನಲ್ಲಿ ಹುರುಳಿದೆ. ಟಾರ್ಪನ್ ಕಾದಾಡುವುದು ಬಯಲು ನೀರಿನಲ್ಲಿ. ಮಹಶೀರ್ ಹಾರುವುದಿಲ್ಲ, ಬಂಡೆಗಳ ನಡುವೆ ಹರಿವಿನ ಬಲವನ್ನೂ ತನ್ನ ಬಲಕ್ಕೆ ಕೂಡಿಸಿಕೊಂಡು ಒಂದೇ ಓಟಕ್ಕೆ ರೀಲಿನ ದಾರವನ್ನೆಲ್ಲ ಖಾಲಿ ಮಾಡುತ್ತದೆ, ಕಲ್ಲಿನ ಅಂಚಿಗೆ ದಾರ ಉಜ್ಜಿ ಕತ್ತರಿಸುತ್ತದೆ.

ಟಾರ್ಪನ್ನಿನ ಒಂದು ಸಂಬಂಧಿ ನಮ್ಮ ಕರಾವಳಿಯ ಅಳಿವೆಗಳಲ್ಲೂ ಇದೆ, ಆದರೆ ಗಾತ್ರದಲ್ಲಿ ಬಲು ಸಣ್ಣದು. ಅದಕ್ಕಾಗಿ ಯಾರೂ ವಿಮಾನ ಹತ್ತಿ ಬರುವುದಿಲ್ಲ. ಫ್ಲಾರಿಡಾದ ಉದಾಹರಣೆ ನಮಗೆ ಬೇಕಾಗಿರುವುದು ಬೇರೆ ಕಾರಣಕ್ಕೆ. ಅಲ್ಲಿ 2013ರಿಂದ ಟಾರ್ಪನ್ನನ್ನು ಹಿಡಿದವರು ಬಿಡಲೇಬೇಕು. ದೊಡ್ಡದಾದರೆ ನೀರಿನಿಂದ ಮೇಲೆ ಎತ್ತುವಂತೆಯೂ ಇಲ್ಲ. ದಾಖಲೆಗಾಗಿ ಒಂದನ್ನು ಇಟ್ಟುಕೊಳ್ಳಬೇಕಾದರೆ ಹಣ ಕೊಟ್ಟು ಚೀಟಿ ಪಡೆಯಬೇಕು. ಈ ಕಾನೂನು ಅಲ್ಲಿ ಸಲೀಸಾಗಿ ನಡೆಯಲು ಒಂದು ಸರಳ ಕಾರಣವಿದೆ: ಟಾರ್ಪನ್ ಮೈತುಂಬ ಮುಳ್ಳು, ಆ ಸೀಮೆಯಲ್ಲಿ ಅದನ್ನು ತಿನ್ನುವವರಿಲ್ಲ. ಬಿಡುವವನಿಗೆ ಕಳೆದುಕೊಳ್ಳುವುದೇನೂ ಇಲ್ಲ. ಕಾವೇರಿ ದಂಡೆಯಲ್ಲಿ ಬಿಳಿಮೀನು ಎಂದು ಕರೆಸಿಕೊಳ್ಳುವ ಮಹಶೀರ್ ಹಾಗಲ್ಲ. ರುಚಿಯಾದ ಮೀನು, ಮಾಂಸ ಹೆಚ್ಚು, ಸಂತೆಯಲ್ಲಿ ಬೆಲೆ ಇದೆ. ಅದನ್ನು ಹಿಡಿದು ಬಿಡು ಎನ್ನುವುದು ಬೆಂಗಳೂರಿನಿಂದ ಜೀಪಿನಲ್ಲಿ ಬಂದವನಿಗೆ ಸುಲಭ, ಹರಿಗೋಲಿನಲ್ಲಿ ಸಂಸಾರ ಸಾಗಿಸುವವನಿಗೆ ಬಾಯಿಗೆ ಬಂದ ತುತ್ತನ್ನು ಹೊಳೆಗೆ ಚೆಲ್ಲಿದ ಹಾಗೆ. ಹಿಡಿ-ಬಿಡು ನೀತಿಯ ಬಗ್ಗೆ ನಮ್ಮಲ್ಲಿ ಬರೆದವರು ಬಹುಪಾಲು ಈ ವ್ಯತ್ಯಾಸವನ್ನು ಮರೆತೇ ಬರೆದಿದ್ದಾರೆ.

ಬಿಳಿಮೀನಿನ ಬದುಕಿನ ಕ್ರಮ ತಿಳಿಯದೆ ಈ ಜಗಳ ತಿಳಿಯುವುದಿಲ್ಲ. ಅದು ಹರಿವಿನ ಮೀನು. ಬೇಸಿಗೆಯಲ್ಲಿ ಆಳದ ಮಡುಗಳಲ್ಲಿರುತ್ತದೆ. ಮುಂಗಾರಿನ ಹೊಸ ನೀರು ಬಂದಾಗ ಹೊಳೆಯನ್ನು ಏರಿ, ಉಪನದಿಗಳಿಗೆ ತಿರುಗಿ, ನೊರಜುಗಲ್ಲಿನ ತೆಳು ನೀರಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಸ್ವಚ್ಛವಾದ, ಉಸಿರು ತುಂಬಿದ, ಓಡುವ ನೀರು ಬೇಕು. ಹೂಳು ಕೂತರೆ ಕೆಟ್ಟಿತು. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಕಪ್ಪೆಚಿಪ್ಪು, ಸಣ್ಣ ಮೀನು, ದಂಡೆಯ ಅತ್ತಿಮರದಿಂದ ಉದುರಿದ ಹಣ್ಣು, ಎಲ್ಲವನ್ನೂ ಅಲ್ಲೇ ನುರಿಸುತ್ತದೆ. ಉಕ್ಕಿನ ಗಾಳವನ್ನೇ ಅದುಮಿ ನೇರ ಮಾಡಿದ ಕಥೆಗಳು ಗಾಳದವರ ಪುಸ್ತಕಗಳಲ್ಲಿ ಹೇರಳ. ಕಾವೇರಿಯಲ್ಲಿ ಅದಕ್ಕೆ ಹೆಸರುವಾಸಿಯಾದ ಎರೆ ನಮ್ಮ ರಾಗಿಮುದ್ದೆ! ಹಿಟ್ಟು ಗಟ್ಟಿಯಾಗಿ ಬೇಯಿಸಿ, ಸೋಂಪು ಅಥವಾ ಮಸಾಲೆ ಬೆರೆಸಿ ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಗಾಳದ ಸುತ್ತ ಕಟ್ಟಿ ಮಡುವಿಗೆ ಬಿಡುವುದು. ಸಾವಿರಾರು ಮೈಲಿಯಿಂದ ಲೋಹದ ಚಮಚೆಗಳನ್ನೂ ಬಣ್ಣದ ಹುಸಿಮೀನುಗಳನ್ನೂ ಹೊತ್ತು ತಂದ ಪರದೇಶದವರು ಕೊನೆಗೆ ನಾಡಿನ ಹುಡುಗರು ನಾದಿಕೊಟ್ಟ ಮುದ್ದೆಗೇ ಶರಣಾದರು.

ಈ ಮೀನಿನ ವಿದ್ಯೆಯಲ್ಲಿ ನಮ್ಮ ಸೀಮೆಯ ಹೆಸರು ಹಳೆಯದು. 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಮೇಲೆ ಹಾದುಹೋಗಿ ಬೆಳೆ, ಕಾಡು, ಶ್ರೀಗಂಧ, ಆನೆಗಳನ್ನೆಲ್ಲ ಬರೆದಿಟ್ಟ. ಇದೇ ಬುಕಾನನ್ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥ ಹೊರತಂದು ಉತ್ತರದ ಮಹಶೀರ್‌ಗಳಿಗೆ ಶಾಸ್ತ್ರೀಯ ಹೆಸರಿಟ್ಟವನು. ಗಾಳದವರು ವೇದವೆಂದು ಭಾವಿಸುವ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಹೊರಬಂದದ್ದು ಮಂಗಳೂರಿನಲ್ಲಿ. ಬರೆದ ಹೆನ್ರಿ ಸಲಿವನ್ ಥಾಮಸ್ ಮದರಾಸು ಸರ್ಕಾರದ ಅಧಿಕಾರಿ, ದಕ್ಷಿಣ ಕನ್ನಡವನ್ನು ಬಲ್ಲವನು. ಹೊಳೆಗೆ ವಿಷ ಬೆರೆಸುವುದರ ವಿರುದ್ಧ, ಮರಿಗಳನ್ನೂ ಬಿಡದ ಕಿರುಕಣ್ಣಿನ ಬಲೆಯ ವಿರುದ್ಧ ಅವನು ಆಗಲೇ ದನಿ ಎತ್ತಿದ್ದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದನ್ನೂ ವಿಷವನ್ನೂ ಅಪರಾಧ ಮಾಡಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಯ ಪ್ರಾಣಿಗಳ ಜೊತೆಗೆ ಮೀನನ್ನೂ ಸೇರಿಸಿ ಒಂದೇ ಸಂರಕ್ಷಣಾ ಶಾಸನ ಮಾಡಿತು. ನೂರಿಪ್ಪತ್ತು ವರ್ಷ ದಾಟಿದರೂ ಹೊಳೆಯಂಚಿನ ಊರುಗಳಲ್ಲಿ ತೋಟೆಯ ಸದ್ದು ಪೂರ್ತಿ ನಿಂತಿಲ್ಲ. ಕಾನೂನು ಇಲ್ಲದೆ ಹಾಳಾಯಿತು ಎಂದು ಯಾರೂ ಹೇಳುವ ಹಾಗಿಲ್ಲ.

ತೋಟೆ, ಬ್ಲೀಚಿಂಗ್ ಪುಡಿ, ಮೈಲುತುತ್ತ, ಇವುಗಳ ಹಾನಿ ದೊಡ್ಡದೇ. ಒಂದು ಸಿಡಿತಕ್ಕೆ ಮಡುವಿನ ಮೀನೆಲ್ಲ ಈಜುಚೀಲ ಒಡೆದು ತೇಲುತ್ತವೆ. ತೇಲಿದ್ದರಲ್ಲಿ ಹಿಡಿದವನ ಕೈಗೆ ಸಿಗುವುದು ಅರ್ಧ, ಉಳಿದದ್ದು ತಳಕ್ಕೆ. ಮೊದಲು ಕಾಡಂಚಿನ ಜನ ಕಾರೆಕಾಯಿ ಜಜ್ಜಿ ಬೇಸಿಗೆಯ ಗುಂಡಿಗಳಿಗೆ ಹಾಕುತ್ತಿದ್ದದ್ದು, ಕೂಳಿ ಒಡ್ಡುತ್ತಿದ್ದದ್ದು ಉಂಟು. ಅದು ಒಂದು ಗುಂಡಿಗೆ, ಒಂದು ಹೊತ್ತಿನ ಊಟಕ್ಕೆ ಮುಗಿಯುತ್ತಿತ್ತು. ಆ ಹಳೆಯ ರೂಢಿಯನ್ನೂ ಈಗಿನ ರಾಸಾಯನಿಕವನ್ನೂ ಒಂದೇ ತಕ್ಕಡಿಗೆ ಹಾಕಿ ಜೇನುಕುರುಬರನ್ನೂ ಬೆಸ್ತರನ್ನೂ ಬೈಯುವ ಬರಹಗಳು ಸಾಕಷ್ಟಿವೆ. ನನಗೆ ಅವು ಒಪ್ಪಿಗೆಯಾಗಿಲ್ಲ. ಶತಮಾನಗಳ ಕಾಲ ಅವರು ಹಿಡಿದು ತಿಂದ ಮೇಲೂ 1946ರ ಕಬಿನಿಯಲ್ಲಿ 120 ಪೌಂಡಿನ ಮೀನು ಉಳಿದಿತ್ತಲ್ಲ!

ಹಾಗಾದರೆ 1946ರ ಆಚೆಗೆ ಬದಲಾದದ್ದೇನು? ಕಬಿನಿ ಹರಿಯುವ ಹೆಗ್ಗಡದೇವನಕೋಟೆಯ ನಕ್ಷೆಯನ್ನು ಬಿಡಿಸಿ ಇಟ್ಟುಕೊಂಡರೆ ಸಾಕು. ಸರಗೂರು ಬೇರೆಯಾಗುವ ಮುಂಚಿನ ಆ ಒಂದೇ ತಾಲ್ಲೂಕಿನಲ್ಲಿ ನಾಲ್ಕು ಜಲಾಶಯ: ಕಬಿನಿ, ನುಗು, ತಾರಕ, ಹೆಬ್ಬಳ್ಳ. ನುಗು ಕಟ್ಟೆ 1950ರ ದಶಕದ ಕೊನೆಗೆ ಮುಗಿಯಿತು. ಬೀಚನಹಳ್ಳಿ–ಬಿದರಹಳ್ಳಿಯ ಬಳಿಯ ಕಬಿನಿ ಅಣೆಕಟ್ಟೆ 1974ರಲ್ಲಿ. ಅದರ ಪೂರ್ಣ ಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ. ಕಾಕನಕೋಟೆಯ ಕಾಡು, ಮಾಸ್ತಿಗುಡಿಯ ಸುತ್ತಲ ನೆಲ, ಖೆಡ್ಡಾ ನಡೆಯುತ್ತಿದ್ದ ಹೊಳೆಬದಿ ಎಲ್ಲ ನೀರಿನಡಿ ಹೋದವು. ಅಲ್ಲಿದ್ದ ಹಾಡಿಗಳ ಜನ ಎತ್ತಂಗಡಿಯಾದದ್ದು ಬರಹಕ್ಕೆ ಬಂದಿದೆ, ಬರಬೇಕಾದಷ್ಟು ಬಂದಿಲ್ಲ. ಮೀನಿನ ಎತ್ತಂಗಡಿ ಬರಹಕ್ಕೆ ಬಂದೇ ಇಲ್ಲ. ವಯನಾಡಿನ ಪನಮರಂ, ಮಾನಂದವಾಡಿ ಹೊಳೆಗಳು ಕೂಡಿ ಕಪಿಲೆ ಎಂಬ ಕಬಿನಿಯಾಗಿ ಇಳಿದು ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತಿದ್ದ ಒಂದೇ ಓಟ ಬೀಚನಹಳ್ಳಿಯಲ್ಲಿ ತುಂಡಾಯಿತು. ಕೆಳಗಿನ ಮೀನು ಮೇಲಿನ ನೊರಜುಗಲ್ಲಿಗೆ ಹತ್ತುವ ದಾರಿ ಇಲ್ಲ. ಮೇಲಿನದಕ್ಕೆ ಉಳಿದದ್ದು ನಿಂತ ನೀರು. ಮೀನೇಣಿ ಎಂಬುದನ್ನು ಈ ಕಟ್ಟೆಗೆ ಕಟ್ಟಿಲ್ಲ, ಅದಕ್ಕಿಂತ ಹಿಂದಿನ ಕನ್ನಂಬಾಡಿಗೂ (ಕೃಷ್ಣರಾಜಸಾಗರಕ್ಕೂ) ಕಟ್ಟಿಲ್ಲ.

ಕೃಷ್ಣರಾಜನಗರದ ಕಡೆ ಕಥೆ ಇನ್ನೂ ಹಳೆಯದು. ಚುಂಚನಕಟ್ಟೆಯ ಜಲಪಾತದ ಸುತ್ತ ಅರಸರ ಕಾಲದ ಒಡ್ಡುಗಳಿವೆ, ನಾಲೆಗಳಿವೆ. ಆ ಹಳೆಯ ಒಡ್ಡುಗಳು ತಗ್ಗು. ಮಳೆಗಾಲದ ಪ್ರವಾಹ ಅವುಗಳ ತಲೆಯ ಮೇಲೇ ಹರಿಯುತ್ತಿತ್ತು, ಬಲವಾದ ಮೀನಿಗೆ ಅದು ತಡೆಯೇ ಆಗಿರಲಿಲ್ಲ. 1911ರಲ್ಲಿ ಶುರುವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಕೃಷ್ಣರಾಜಸಾಗರ ಮೊದಲ ನಿಜವಾದ ಗೋಡೆ. ನಂತರ ಹೇಮಾವತಿ, ಹಾರಂಗಿ. ಬ್ರಹ್ಮಗಿರಿಯ ಇರ್ಪಿನಲ್ಲಿ ಹುಟ್ಟಿ ಹುಣಸೂರಿನ ಮೇಲೆ ಹರಿದು ಕನ್ನಂಬಾಡಿಯ ಹಿನ್ನೀರಿಗೆ ಬೀಳುವ ಲಕ್ಷ್ಮಣತೀರ್ಥವಂತೂ ಬೇಸಿಗೆಯಲ್ಲಿ ಎಷ್ಟೋ ಕಡೆ ಹೊಳೆಯ ಲಕ್ಷಣವನ್ನೇ ಕಳೆದುಕೊಳ್ಳುತ್ತದೆ. ಭತ್ತ, ಕಬ್ಬು, ಹೊಗೆಸೊಪ್ಪು ಬೆಳೆದ ಈ ಸೀಮೆಯ ತಾಲ್ಲೂಕುಗಳ ಅನ್ನ ಈ ಕಟ್ಟೆಗಳಿಂದ ಬಂತು. ಅದನ್ನು ಅಲ್ಲಗಳೆಯುವುದು ಹೊಟ್ಟೆ ತುಂಬಿದವರ ಮಾತಾದೀತು. ಲೆಕ್ಕ ಬರೆಯುವಾಗ ಖರ್ಚಿನ ಕಲಮನ್ನೂ ಬರೆಯಬೇಕು ಎನ್ನುವುದಷ್ಟೇ ನನ್ನ ವಾದ.

ಕಟ್ಟೆ ತುಂಬಿದ ಮೇಲೆ ಮೀನುಗಾರಿಕೆ ಇಲಾಖೆ ಕಾಟ್ಲ, ರೋಹು, ಮೃಗಾಲ್ ಮರಿಗಳನ್ನು ಬಿತ್ತಿತು. ಗಂಗೆಯ ಕಡೆಯ ಈ ಗೆಂಡೆಗಳು ನಿಂತ ನೀರಿಗೆ ಒಗ್ಗುತ್ತವೆ, ಬೇಗ ಬೆಳೆಯುತ್ತವೆ. ಕಬಿನಿ ಹಿನ್ನೀರಿನಲ್ಲಿ ಇಂದು ಬಲೆ ಬೀಸುವವನ ಗಂಜಿ ಇವುಗಳಿಂದ, ಜೊತೆಗೆ ಕರೆಯದೆ ಬಂದ ಜಿಲೇಬಿ ಮೀನಿನಿಂದ. ಜಲಾಶಯದ ಮೀನುಗಾರಿಕೆ ಬಿಳಿಮೀನನ್ನು ಕೊಂದಿತು ಎನ್ನುವುದಕ್ಕಿಂತ ಅದು ಹೋದ ಜಾಗವನ್ನು ತುಂಬಿತು ಎನ್ನುವುದು ಸರಿ.

ಗಾಳದ ಇನ್ನೊಂದು ಯುಗ ಕೆಳ ಕಾವೇರಿಯದು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತದ ವನ್ಯಜೀವಿ ಸಂಘ ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. 1970ರ ದಶಕದ ಕೊನೆಗೆ ಬಂದ ಮೂವರು ಇಂಗ್ಲಿಷ್ ಯುವಕರ ತಂಡ, ಸತ್ತೇ ಹೋಯಿತು ಎಂದುಕೊಂಡಿದ್ದ ಭಾರಿ ಮಹಶೀರ್ ಅಲ್ಲಿ ಇನ್ನೂ ಇದೆ ಎಂದು ಜಗತ್ತಿಗೆ ಸಾರಿತು. ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು. ಇದೇ ಸಂಸ್ಥೆ 1980ರ ದಶಕದಲ್ಲಿ ಕಾರಾಪುರದಲ್ಲಿ, ಮಹಾರಾಜರ ಬೇಟೆಯ ಬಂಗಲೆಯಲ್ಲಿ, ಕಬಿನಿ ವಸತಿಗೃಹ ತೆರೆದಿತ್ತು; ಅಲ್ಲಿ ಜನ ಬಂದದ್ದು ಆನೆ, ಹುಲಿ ನೋಡಲು. ಗಾಳದವರ ಕಬಿನಿ ಅಷ್ಟರಲ್ಲಿ ಮುಳುಗಿತ್ತು. ಭೀಮೇಶ್ವರಿಯ ಶಿಬಿರಗಳ ನಿಯಮ ಸರಳ: ಹಿಡಿ, ತೂಗು, ಬರೆ, ಬಿಡು. ಒಂದು ಕಾಲಕ್ಕೆ ತೋಟೆ ಹಾಕುತ್ತಿದ್ದವರಲ್ಲೇ ಕೆಲವರು ಶಿಬಿರದ ಗಾಳಗಾರರಾಗಿ, ಹರಿಗೋಲು ನಡೆಸುವವರಾಗಿ, ರಾತ್ರಿ ಕಾವಲಿನವರಾಗಿ ಸಂಬಳಕ್ಕೆ ಸೇರಿದರು. ಹೊಳೆಯಲ್ಲಿ ಎಲ್ಲಿ ಮದ್ದು ಹಾಕುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ಗಾಳದ ಶಿಬಿರಗಳು ನಿಂತದ್ದು ಕಾನೂನಿನಿಂದ. ಆ ಭಾಗ 1987ರಲ್ಲೇ ಕಾವೇರಿ ವನ್ಯಧಾಮವಾಗಿತ್ತು. ವನ್ಯಜೀವಿ ಕಾಯ್ದೆಯ ಅರ್ಥದಲ್ಲಿ ಮೀನೂ ಪ್ರಾಣಿಯೇ, ಆಮಿಷ ಒಡ್ಡಿ ಹಿಡಿಯುವುದೂ ಬೇಟೆಯೇ. ಹಾಗಿದ್ದ ಮೇಲೆ ಹಿಡಿದು ಬಿಟ್ಟರೂ ತಪ್ಪು ತಪ್ಪೇ ಎಂಬ ವ್ಯಾಖ್ಯಾನ ಗಟ್ಟಿಯಾಗಿ, 2012ರ ಹೊತ್ತಿಗೆ ವನ್ಯಧಾಮದೊಳಗಿನ ಗಾಳ ಪೂರ್ತಿ ಬಂದಾಯಿತು. ಈ ನಿಷೇಧವನ್ನು ಮೆಚ್ಚುವವರ ತರ್ಕ ದಡ್ಡತನದ್ದಲ್ಲ. ಗಾಳ ಕಚ್ಚಿದ ಮೀನು ಬಳಲುತ್ತದೆ; ಸೆಣಸಾಟ ಉದ್ದವಾದಷ್ಟು, ಫೋಟೊಗೆ ಗಾಳಿಯಲ್ಲಿ ಎತ್ತಿ ಹಿಡಿದಷ್ಟು ಬಳಲಿಕೆ ಹೆಚ್ಚು. ಹುಲಿಗೆ ಅರಿವಳಿಕೆ ಮದ್ದು ಹೊಡೆದು ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಬಿಡುವ ಆಟವನ್ನು ನಾವು ಒಪ್ಪುತ್ತೇವೆಯೇ ಎಂದು ಅವರು ಕೇಳುತ್ತಾರೆ. ಉತ್ತರಿಸುವುದು ಕಷ್ಟ. ಎದುರು ವಾದವೂ ಅಷ್ಟೇ ಗಟ್ಟಿ: ಶಿಬಿರ ಎದ್ದುಹೋದ ದಂಡೆಗೆ ಸಂಬಳದ ಕಾವಲಿನವನು ಬರಲಿಲ್ಲ, ಬಂದವನು ಬೇರೆಯವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ, ಅರಣ್ಯ ಇಲಾಖೆಗೆ ನೀರಿನೊಳಗಿನದು ಬೇಡ, ಮೀನುಗಾರಿಕೆ ಇಲಾಖೆಗೆ ವನ್ಯಧಾಮದೊಳಗೆ ಅಧಿಕಾರ ಇಲ್ಲ.

ನಿಷೇಧದ ಜಗಳದಲ್ಲಿ ಎರಡೂ ಕಡೆಯವರು ಗಮನಿಸದ ಸಂಗತಿ ಶಿಬಿರದ ದಪ್ಪ ಪುಸ್ತಕಗಳಲ್ಲಿ ಕೂತಿತ್ತು. 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಗಾಳ ಹಾಕಿದವರು ಬರೆದಿಟ್ಟ ಲೆಕ್ಕವನ್ನು ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಅವರ ಜೊತೆಗಾರರು ಕೂಡಿಸಿದರು. 23,620 ಗಂಟೆಗಳ ಗಾಳ, 6,161 ಮಹಶೀರ್. ಮೀನಿನ ಸಂಖ್ಯೆ ವರ್ಷವರ್ಷಕ್ಕೆ ಏರಿತ್ತು. ಗಾಳದವರಿಗೆ ಹೆಮ್ಮೆಯ ವಿಷಯ. ಆದರೆ ತೂಕ ಇಳಿದಿತ್ತು, ಮತ್ತು ಪುಸ್ತಕದಲ್ಲಿದ್ದದ್ದು ಒಂದಲ್ಲ, ಎರಡು ಬಗೆಯ ಮಹಶೀರ್. ಹೆಚ್ಚಿದ್ದು ನೀಲಿರೆಕ್ಕೆಯದು. ಬೆನ್ನು ಗೂನಾಗಿ ಏರಿದ, ರೆಕ್ಕೆ ಕಿತ್ತಳೆಯಾಗಿ ಹೊಳೆಯುವ, ದಾಖಲೆಗಳನ್ನೆಲ್ಲ ಬರೆದ ಆ ದೈತ್ಯ ಮೀನು ಪುಟ ಪುಟಕ್ಕೂ ಕರಗುತ್ತ ಬಂದು ಇಲ್ಲವೆಂಬಷ್ಟು ಕಡಿಮೆಯಾಗಿತ್ತು.

ನೀಲಿರೆಕ್ಕೆಯದು ಕಾವೇರಿಯದಲ್ಲ. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯ ಹೊಳೆಯ ಮೀನೆಂದು ಬಣ್ಣಿಸಿದ ಟಾರ್ ಖುದ್ರಿ ಅದು, ಕೃಷ್ಣಾ ಕಣಿವೆಯ ತಳಿ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ 1970ರ ದಶಕದಲ್ಲಿ ಅದನ್ನು ಕೃತಕವಾಗಿ ಮರಿ ಮಾಡಿಸುವ ವಿದ್ಯೆ ಸಾಧಿಸಿ, ಕೇಳಿದ ರಾಜ್ಯಗಳಿಗೆಲ್ಲ ಮರಿ ಕೊಟ್ಟಿತು. ಅಂದಿನ ತಿಳಿವಳಿಕೆಯಲ್ಲಿ ಅದು ದೊಡ್ಡ ಪುಣ್ಯಕಾರ್ಯ. ನಮ್ಮಲ್ಲೂ ಹಾರಂಗಿಯ ಕೇಂದ್ರದಲ್ಲಿ, ಪಿರಿಯಾಪಟ್ಟಣದ ಗಡಿಯಾಚೆ ಕುಶಾಲನಗರದ ಮಗ್ಗುಲಲ್ಲೇ, ಮಹಶೀರ್ ಮರಿ ಮಾಡುವ ಕೆಲಸ ನಡೆಯಿತು. ಕಾವೇರಿಗೆ ಬಿಟ್ಟ ಮರಿಗಳು ಚೆನ್ನಾಗಿ ಬೆಳೆದವು, ಹೆಚ್ಚಿದವು. ಗೂನುಬೆನ್ನಿನದರ ಕುಸಿತವೂ ಅದೇ ಕಾಲದ್ದು. ಆಹಾರ, ಮಡು, ಮೊಟ್ಟೆಯ ಜಾಗಕ್ಕೆ ಪೈಪೋಟಿಯೋ, ತಳಿ ಬೆರಕೆಯೋ, ಎರಡೂ ಸೇರಿಯೋ ಎಂಬುದನ್ನು ಬಿಡಿಸಬೇಕಿದೆ.

ಇನ್ನೂ ಕಹಿಯಾದದ್ದು ಹೆಸರಿನ ವಿಷಯ. ಜಗತ್ತಿನ ಅತಿ ದೊಡ್ಡ ಮಹಶೀರ್‌ಗೆ, ವ್ಯಾನ್ ಇಂಗೆನ್ ಹಿಡಿದದ್ದಕ್ಕೆ, 2018ರವರೆಗೆ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಯಾರೋ ಮುಸುಲ್ಲಾ ಎಂದರು, ಯಾರೋ ಉತ್ತರದ ಪುತಿತೋರಾ ಎಂದರು. ಹೆಸರಿಲ್ಲದ ಕಾರಣ ಅಳಿವಿನಂಚಿನ ಪಟ್ಟಿಯಲ್ಲಿ ಅದಕ್ಕೆ ಸಾಲೂ ಇರಲಿಲ್ಲ. ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ, ಅಂದರೆ ನಮ್ಮ ಬಂಡೀಪುರದ ತೆಂಕಣ ಅಂಚಿನಲ್ಲಿ, ಉಳಿದಿದ್ದ ಗೂನುಬೆನ್ನಿನ ಮೀನುಗಳನ್ನು ಪರೀಕ್ಷಿಸಿದ ಮೇಲೆ ಅದು ಕೇರಳದ ಪಾಂಬಾರ್‌ನಿಂದ ಮೊದಲೇ ವಿವರಿಸಿದ್ದ ಟಾರ್ ರೆಮಾದೇವಿ ಎಂದು ಸಾಬೀತಾಯಿತು. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ವಿಜ್ಞಾನಿ ಕೆ. ರೆಮಾದೇವಿಯವರ ಹೆಸರು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ತೀವ್ರ ಅಳಿವಿನಂಚಿನದೆಂದು ಪಟ್ಟಿಗೆ ಸೇರಿಸಿತು, ನೀಲಿರೆಕ್ಕೆಯದನ್ನು ಚಿಂತೆಯಿಲ್ಲದ ವರ್ಗಕ್ಕೆ ಇಳಿಸಿತು. ನಾಲ್ಕು ದಶಕ ನಾವು ಮಹಶೀರ್ ಉಳಿಸಿದೆವು ಎಂದುಕೊಂಡು ಬಿತ್ತಿದ್ದು ಆ ಚಿಂತೆಯಿಲ್ಲದ ಮೀನನ್ನು.

ಈ ಸಂಗತಿಯನ್ನು ಹೊರಗೆಳೆದದ್ದು ಯಾರ ಲೆಕ್ಕ? ಗಾಳದವರದು. ಶೋಕಿಗಾಗಿ ಬಂದವರು ಜಂಬಕ್ಕಾಗಿ ಬರೆದಿಟ್ಟ ತೂಕಗಳು. ಅಷ್ಟು ಉದ್ದಕ್ಕೆ ಕಾವೇರಿಯ ಮಹಶೀರ್ ಎಣಿಸಿದ ಬೇರೆ ಪುಸ್ತಕವಿಲ್ಲ. ನಿಷೇಧದ ನಂತರ ಆ ಪುಸ್ತಕವೂ ನಿಂತಿತು. ನಾನು ಗಾಳದ ಪರ ಸ್ವಲ್ಪ ವಾಲುವುದು ಇದಕ್ಕೇ, ಆಟದ ಸೊಬಗಿಗಲ್ಲ.

ದೇವರ ಹೆಸರಿನಲ್ಲಿ ಉಳಿದ ಮೀನುಗಳ ಮಾತನ್ನು ಬಿಡುವಂತಿಲ್ಲ. ಪಿರಿಯಾಪಟ್ಟಣದಿಂದ ಹೆಚ್ಚು ದೂರವಿಲ್ಲದ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಣಿಯ ಮೀನುಗಳಿಗೆ ಯಾತ್ರಿಕರು ಕಡಲೆಪುರಿ ಹಾಕುತ್ತಾರೆ, ಬಲೆ ಹಾಕುವುದಿಲ್ಲ. ಶೃಂಗೇರಿಯ ತುಂಗೆಯಲ್ಲೂ ಹಾಗೆಯೇ, ದಕ್ಷಿಣ ಕನ್ನಡದ ಶಿಶಿಲದಲ್ಲೂ ಹಾಗೆಯೇ. ಕಾಯ್ದೆ ಮಾಡಲಾರದ್ದನ್ನು ಭಕ್ತಿ ಮಾಡಿತು ಎಂದು ಹೊಗಳುವುದು ವಾಡಿಕೆ. ಅರ್ಧ ನಿಜ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿ ಸಾವಿರಾರು ದೇವರ ಮೀನು ಸತ್ತವು. ಮೇಲಿನ ಹೊಳೆಯಿಂದ ಹರಿದು ಬರುವುದನ್ನು ದೇವಸ್ಥಾನದ ಮೆಟ್ಟಿಲು ತಡೆಯಲಾರದು. ಪುರಿ ತಿಂದು ಮೆಟ್ಟಿಲ ಬಳಿ ನಿಂತ ಮೀನು ಆಷಾಢದಲ್ಲಿ ಮೇಲೇರಬೇಕು, ಏರಲು ಹೊಳೆ ಉಳಿದಿರಬೇಕು.

ಕೊಡಗಿನ ವಾಲ್ನೂರಿನ ಪ್ರಯೋಗ ಮೈಸೂರು ಸೀಮೆಯ ನಮ್ಮ ತಾಲ್ಲೂಕುಗಳಿಗೆ ಹತ್ತಿರದ ಪಾಠ. ವನ್ಯಧಾಮದ ಹೊರಗಿನ ಆ ಕಾವೇರಿ ಭಾಗವನ್ನು ಕೊಡಗು ವನ್ಯಜೀವಿ ಸಂಘ ನೋಡಿಕೊಂಡು, ಪರವಾನಗಿ ಕೊಟ್ಟು, ಹಿಡಿದು ಬಿಡುವ ಗಾಳಕ್ಕೆ ಅವಕಾಶ ಮಾಡಿತು. ಮೊಟ್ಟೆಯ ಕಾಲಕ್ಕೆ ಮಳೆಗಾಲದಲ್ಲಿ ರಜೆ. ಬೀಚನಹಳ್ಳಿ ಕಟ್ಟೆಯ ಕೆಳಗಿನಿಂದ ಸರಗೂರು, ನಂಜನಗೂಡು ದಾಟಿ ತಿರುಮಕೂಡಲಿನವರೆಗಿನ ಕಬಿನಿಗೆ, ವ್ಯಾನ್ ಇಂಗೆನ್ನನ ಹೊಳೆಗೆ, ಅಂಥ ಒಂದು ಏರ್ಪಾಡು ಆಗಬಾರದೇಕೆ? ಅಲ್ಲಿ ಗೂನುಬೆನ್ನಿನ ಮೀನು ಒಂದಾದರೂ ಉಳಿದಿದೆಯೇ ಎಂದು ಹುಡುಕುವುದು ಮೊದಲ ಕೆಲಸ. ಸಿಗುವವರೆಗೆ ಹಾರಂಗಿಯದೋ ಲೋನಾವಳದ್ದೋ ಒಂದು ಮರಿಯನ್ನೂ ಆ ನೀರಿಗೆ ಬಿಡದಿರುವುದು ಎರಡನೆಯದು. ಮೇಕೆದಾಟು ಅಣೆಕಟ್ಟೆ ಎದ್ದರೆ ಕೆಳ ಕಾವೇರಿಯ ಉಳಿದ ಹರಿವೂ ನಿಲ್ಲುತ್ತದೆ, ಆಗ ಮೋಯಾರ್ ಮತ್ತು ಇಂಥ ತುಂಡು ಹೊಳೆಗಳೇ ಗತಿ.

ಹಿಡಿ-ಬಿಡು ನಿಯಮವನ್ನೂ ತಿರುವಿ ಬರೆಯಬೇಕು. ನೀಲಿರೆಕ್ಕೆಯದು ಕಾವೇರಿಯಲ್ಲಿ ಪರಕೀಯ ಎಂದ ಮೇಲೆ ಅದನ್ನು ಮುದ್ದಾಡಿ ಬಿಡುವುದರಲ್ಲಿ ಯಾವ ಸಂರಕ್ಷಣೆಯೂ ಇಲ್ಲ. ಹಿಡಿದವನು ಮನೆಗೆ ಒಯ್ಯಲಿ, ಸಾರು ಮಾಡಲಿ, ಸಂತೆಯಲ್ಲಿ ಮಾರಲಿ. ಬಿಡಬೇಕಾದದ್ದು ಕಿತ್ತಳೆರೆಕ್ಕೆಯ ಗೂನುಬೆನ್ನಿನದನ್ನು ಮಾತ್ರ. ಗುರುತು ಕಷ್ಟವೆಂದು ಇಲಾಖೆಯವರು ಹೇಳಬಹುದು. ಗೂನು ಮರಿಯಲ್ಲಿ ಕಾಣುವುದಿಲ್ಲ ನಿಜ, ಬಾಲದ ಬಣ್ಣ ಕಾಣುತ್ತದೆ. ಬೆರಕೆ ಮೀನುಗಳಲ್ಲಿ ಮೋಸ ಹೋಗುವುದೂ ಇದ್ದದ್ದೇ. ಆದರೂ ದಿನ ಬೆಳಗಾದರೆ ಮೀನಿನ ಜೊತೆ ಏಗುವ ಬೆಸ್ತರಿಗೆ ಒಂದು ಬಣ್ಣದ ಚಿತ್ರ ತೋರಿಸಿದರೆ ಸಾಕು, ವಿಜ್ಞಾನಿಗಿಂತ ಮುಂಚೆ ಗುರುತಿಸುತ್ತಾರೆ. ಬಲೆಗೆ ಬಿದ್ದ ಕಿತ್ತಳೆರೆಕ್ಕೆಯದನ್ನು ಬಿಟ್ಟವನಿಗೆ ಅದರ ಸಂತೆ ಬೆಲೆಯನ್ನು ಅಲ್ಲೇ ಕೈಗೆ ಕೊಡಬೇಕು, ಹಣ ಗಾಳದವರ ಪರವಾನಗಿ ಶುಲ್ಕದಿಂದ ಬರಬೇಕು, ತೂಕದ ಪುಸ್ತಕ ಮೀನುಗಾರರ ಸಹಕಾರ ಸಂಘದ ಬಳಿ ಇರಬೇಕು.